"ಈ ಚಿತ್ರ ಯಾರು ತೆಗೆದದ್ದು?" ಮಕ್ಕಳ ಚಿತ್ರಪುಸ್ತಕಗಳ ಬಗ್ಗೆ ಸಲಹೆ ಬೇಕು

ಕೊಪ್ಪಳ ಟೀಚರ್:

ಎಲ್ಲರಿಗೂ ನಮಸ್ಕಾರ. ಕೊಪ್ಪಳ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ತರಗತಿ ನನ್ನದು. ಒಂದರಿಂದ ಮೂರನೇ ಕ್ಲಾಸಿನವರು ಸೇರಿ 34 ಮಕ್ಕಳು. ಊರಿನ ಹಳೇ ವಿದ್ಯಾರ್ಥಿಯೊಬ್ಬರು ಮಕ್ಕಳಿಗೆ ಪುಸ್ತಕ ತರಿಸಿ ಅಂತ 6,000 ರೂಪಾಯಿ ಕೊಟ್ಟಿದ್ದಾರೆ. ಪಠ್ಯಪುಸ್ತಕ ಬಿಟ್ಟರೆ ಮನೆಯಲ್ಲಿ ಬೇರೆ ಪುಸ್ತಕವೇ ಇಲ್ಲದ ಮಕ್ಕಳು ಜಾಸ್ತಿ, ಹಾಗಾಗಿ ತರಿಸುವುದಾದರೆ ಒಳ್ಳೆಯದನ್ನೇ ತರಿಸಬೇಕು ಅಂತ ರಾತ್ರಿಯೆಲ್ಲ ಹುಡುಕಿ, "ಪ್ರಶಸ್ತಿ ಪಡೆದ ಚಿತ್ರಪುಸ್ತಕಗಳು" ಅಂತ ಆನ್‌ಲೈನಿನಲ್ಲಿ ಇದ್ದ ಒಂದು ಸೆಟ್ಟಿಗೆ 1,400 ರೂಪಾಯಿ ಕಟ್ಟಿದೆ.

ಬಂತು. ಪ್ರತಿ ಪುಸ್ತಕದ ಮೇಲೂ ಚಿನ್ನದ ಬಣ್ಣದ ಒಂದು ಗುಂಡನೆಯ ಸ್ಟಿಕ್ಕರ್. ಒಳಗೆ ನೋಡಿದರೆ ಎಲ್ಲ ಮಕ್ಕಳಿಗೂ ಒಂದೇ ಮುಖ, ಅವೇ ದೊಡ್ಡ ಕಣ್ಣು, ಅದೇ ಗುಲಾಬಿ ಕೆನ್ನೆ. ರಾಜನೂ ಹಾಗೇ, ರೈತನೂ ಹಾಗೇ. ಯಾವ ಪ್ರಶಸ್ತಿ, ಯಾವ ವರ್ಷದ್ದು, ಎಲ್ಲೂ ಇಲ್ಲ.

ನನಗೆ ಅದಕ್ಕಿಂತ ಜಾಸ್ತಿ ನಾಟಿದ್ದು ಬೇರೆ. ಎರಡನೇ ಕ್ಲಾಸಿನ ಒಬ್ಬಳು ಹುಡುಗಿ ಇದ್ದಾಳೆ. ಅವಳ ಸೋದರಮಾವನ ಊರು ಕಿನ್ನಾಳ. ರಜೆಗೆ ಹೋದಾಗಲೆಲ್ಲ ಚಿತ್ರಗಾರರ ಮನೆ ಕಟ್ಟೆ ಮೇಲೆ ಕೂತು, ಕಟ್ಟಿಗೆ ಗೊಂಬೆಗೆ ಬಣ್ಣ ಹಾಕುವುದನ್ನು ನೋಡಿ ಬರುತ್ತಾಳೆ. ಅವಳು ಪುಸ್ತಕ ಹಿಡಿದುಕೊಂಡು ಬಂದು "ಟೀಚರ್, ಈ ಚಿತ್ರ ಯಾರ ತಗದಾರ್ರಿ?" ಅಂದಳು. ನಾನು ಹಿಂದೆ ಮುಂದೆ ತಿರುವಿ ನೋಡಿದೆ. ಹೆಸರೇ ಇಲ್ಲ. "ಹೆಸರು ಹಾಕಿಲ್ಲ ನೋಡವ್ವಾ" ಅಂದೆ. "ಹಂಗಾರ ತಾನ ಬಂತೇನ್ರಿ?" ಅಂತ ಕೇಳಿದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಚಿತ್ರ ಬರೆದವರ ಹೆಸರನ್ನು ನಾನೇ ಇಷ್ಟು ವರ್ಷ ನೋಡಿಲ್ಲ ಅನ್ನುವುದು ಆಗ ಹೊಳೆಯಿತು.

ಉಳಿದಿರುವುದು 4,600 ರೂಪಾಯಿ. ನಿಜವಾಗಲೂ ಪ್ರಶಸ್ತಿ ಪಡೆದ ಚಿತ್ರಪುಸ್ತಕ ಅಂದರೆ ಯಾವುವು, ಆ ಪ್ರಶಸ್ತಿ ಕೊಡುವವರು ಯಾರು, ಆ ಚಿತ್ರಕಾರರು ಯಾರು? ಕನ್ನಡದಲ್ಲಿ ಏನಿದೆ? ಇಂಗ್ಲಿಷ್ ಪುಸ್ತಕ ತಂದರೆ ನಮ್ಮ ಮಕ್ಕಳಿಗೆ ಉಪಯೋಗ ಆಗುತ್ತಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ರಾಯಚೂರು ಲೈಬ್ರರಿ:

ಟೀಚರ್, ನಾನು 22 ವರ್ಷ ಲೈಬ್ರರಿ ಕೆಲಸದಲ್ಲಿ ಇದ್ದವನು, ಈಗ ರಾಯಚೂರಿನ ಮನೆಯಲ್ಲಿ ಮೊಮ್ಮಕ್ಕಳ ಜೊತೆ ಇದ್ದೇನೆ. ನಿಮ್ಮ ಹುಡುಗಿಯ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು.

ಮೊದಲು ಆ ಸ್ಟಿಕ್ಕರ್ ವಿಷಯ. ಚಿತ್ರಪುಸ್ತಕ ಅಂದ ಕೂಡಲೇ ಎಲ್ಲರೂ ಹೇಳುವ ಪ್ರಶಸ್ತಿ ಅಮೆರಿಕದ ಕ್ಯಾಲ್ಡಿಕಾಟ್ ಪದಕ. ಅಲ್ಲಿನ ಲೈಬ್ರರಿ ಸಂಘದವರು 1938ರಿಂದ ಪ್ರತಿ ವರ್ಷ ಕೊಡುತ್ತಾ ಬಂದಿದ್ದಾರೆ. ಇದು ಕಥೆ ಬರೆದವರಿಗೆ ಅಲ್ಲ, ಚಿತ್ರ ಬರೆದವರಿಗೆ. ರ‍್ಯಾಂಡಾಲ್ಫ್ ಕ್ಯಾಲ್ಡಿಕಾಟ್ ಅಂತ 19ನೇ ಶತಮಾನದ ಇಂಗ್ಲೆಂಡಿನ ಚಿತ್ರಕಾರ ಇದ್ದರು, ಹೆಸರು ಅವರದು. ಅವರು ಬರೆದ ಒಂದು ಚಿತ್ರವೇ ಆ ಪದಕದ ಮೇಲೂ ಇದೆ: ಕುದುರೆ ಹಿಡಿತ ತಪ್ಪಿ ಓಡುತ್ತಿದೆ, ಮೇಲೆ ಒಬ್ಬ ಹೇಗೋ ಕೂತಿದ್ದಾನೆ. ಗೆದ್ದ ಪುಸ್ತಕದ ಮೇಲೆ ಚಿನ್ನದ ಬಣ್ಣದ ಮುದ್ರೆ ಇರುತ್ತದೆ, ಕೊನೆ ಸುತ್ತಿಗೆ ಬಂದು ಗೌರವ ಪಡೆದದ್ದಕ್ಕೆ ಬೆಳ್ಳಿ ಬಣ್ಣದ್ದು. ನಿಮ್ಮ ಸ್ಟಿಕ್ಕರಿನಲ್ಲಿ ಆ ಕುದುರೆ ಸವಾರ ಇದ್ದಾನಾ ನೋಡಿ. ಇಲ್ಲದಿದ್ದರೆ, ಯಾವ ಪ್ರಶಸ್ತಿ ಅಂತ ಹೆಸರೂ ಇಲ್ಲದಿದ್ದರೆ, ಅದು ಸುಮ್ನೆ ಅಂಟಿಸಿದ್ದು. ಇನ್ನೊಂದು ಮಾತು ನೆನಪಿರಲಿ, ಕ್ಯಾಲ್ಡಿಕಾಟ್ ಸಿಗುವುದು ಅಮೆರಿಕದ ಪ್ರಜೆಗಳಿಗೆ ಅಥವಾ ಅಲ್ಲೇ ನೆಲೆಸಿದವರಿಗೆ ಮಾತ್ರ. ಅದನ್ನೇ ಲೋಕದ ಅತ್ಯುತ್ತಮ ಪುಸ್ತಕಗಳ ಪಟ್ಟಿ ಅಂತ ತಿಳಿಯಬೇಡಿ.

ಬ್ರಿಟನ್ನಿನಲ್ಲಿ 1955ರಲ್ಲಿ ಶುರುವಾದ ಕೇಟ್ ಗ್ರೀನವೇ ಪದಕ ಇದೆ, ಈಗ ಅದರ ಹೆಸರು ಬದಲಾಗಿ ಕಾರ್ನೆಗಿ ಪದಕದ ಜೊತೆ ಸೇರಿದೆ. ಎಲ್ಲ ದೇಶದವರಿಗೂ ಸಿಗುವಂಥದ್ದು ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ. ಎರಡು ವರ್ಷಕ್ಕೊಮ್ಮೆ ಕೊಡುತ್ತಾರೆ, ಒಂದು ಪುಸ್ತಕಕ್ಕೆ ಅಲ್ಲ, ಒಬ್ಬರ ಇಡೀ ಕೆಲಸಕ್ಕೆ. ಮೊದಲು ಬರಹಗಾರರಿಗೆ ಮಾತ್ರ ಇತ್ತು, 1966ರಿಂದ ಚಿತ್ರಕಾರರಿಗೂ ಬೇರೆಯಾಗಿ ಕೊಡಲು ಶುರು ಮಾಡಿದರು.

ನಿಮ್ಮ ಇಂಗ್ಲಿಷ್ ಪ್ರಶ್ನೆಗೆ ನನ್ನ ಉತ್ತರ ಬಹಳ ಸರಳ. ಮಾತೇ ಇಲ್ಲದ ಪುಸ್ತಕ ತನ್ನಿ. 2022ರಲ್ಲಿ ಚಿತ್ರಕಾರರ ಆಂಡರ್ಸನ್ ಪ್ರಶಸ್ತಿ ಪಡೆದ ಕೊರಿಯಾದ ಸೂಜಿ ಲೀ ಅವರ 'ವೇವ್' ಅನ್ನುವ ಪುಸ್ತಕದಲ್ಲಿ ಒಂದೂ ಪದ ಇಲ್ಲ. ಒಬ್ಬಳು ಹುಡುಗಿ, ಒಂದು ಸಮುದ್ರ, ಕಪ್ಪು ಇದ್ದಿಲಿನ ಗೆರೆ, ಬಣ್ಣ ಅಂದರೆ ನೀಲಿ ಒಂದೇ. ಹುಡುಗಿ ಎಡಗಡೆ ಪುಟದಲ್ಲಿ, ಅಲೆ ಬಲಗಡೆ ಪುಟದಲ್ಲಿ. ಪುಸ್ತಕದ ನಡುವಿನ ಮಡಿಕೆ ಇರುತ್ತದಲ್ಲ, ಅದನ್ನು ಅಲೆ ದಾಟುವುದಿಲ್ಲ, ಅವಳೂ ದಾಟುವುದಿಲ್ಲ. ಆಮೇಲೆ ಅವಳು ಮೆಲ್ಲಗೆ ಕೈ ಚಾಚುತ್ತಾಳೆ. ಮುಂದಿನದು ಮಕ್ಕಳೇ ನೋಡಲಿ. ನನ್ನ ಮೊಮ್ಮಗ ತುಂಗಭದ್ರೆ ಬಿಟ್ಟರೆ ಬೇರೆ ನೀರು ನೋಡಿದವನಲ್ಲ, ಆ ಪುಟ ಬಂದಾಗ ಕಾಲು ಮೇಲೆತ್ತಿಕೊಂಡ.

ಇನ್ನೊಂದು ಜೆರ‍್ರಿ ಪಿಂಕ್ನಿ ಅವರ 'ದ ಲಯನ್ ಆ್ಯಂಡ್ ದ ಮೌಸ್', 2010ರ ಕ್ಯಾಲ್ಡಿಕಾಟ್. ನಮಗೆಲ್ಲ ಗೊತ್ತಿರುವ ಸಿಂಹ ಮತ್ತು ಇಲಿಯ ಕಥೆಯೇ. ಒಳಗೆ ಗೂಬೆ ಕೂಗು, ಇಲಿಯ ಕೀಚು, ಸಿಂಹದ ಗರ್ಜನೆ ಇಂಥ ಸದ್ದುಗಳು ಮಾತ್ರ ಇವೆ. ಮುಖಪುಟದಲ್ಲಿ ಪುಸ್ತಕದ ಹೆಸರು ಕೂಡ ಇಲ್ಲ, ಇಡೀ ಪುಟಕ್ಕೆ ಸಿಂಹದ ಮುಖ ಮಾತ್ರ, ಅದರ ಕಣ್ಣು ಪಕ್ಕಕ್ಕೆ ನೋಡುತ್ತಿರುತ್ತದೆ. ಏನನ್ನು ನೋಡುತ್ತಿದೆ ಅಂತ ಮಕ್ಕಳನ್ನು ಕೇಳಿ, ಪುಸ್ತಕ ತೆರೆಯುವ ಮೊದಲೇ ಅರ್ಧ ಗಂಟೆ ಹೋಗುತ್ತದೆ.

ಕನ್ನಡದ್ದು ನಾಳೆ ಬರೆಯುತ್ತೇನೆ, ಕರೆಂಟ್ ಹೋಯಿತು.

ಸಿಂಧನೂರು ಓದುಗ:

ಸರ್ ಹೇಳಿದ್ದೆಲ್ಲ ಸರಿ, ಆದರೆ ನನ್ನ ಮನಸ್ಸಿನಲ್ಲಿ ಇರುವುದನ್ನು ನೇರ ಹೇಳುತ್ತೇನೆ. 4,600 ರೂಪಾಯಿ ದೊಡ್ಡ ಮೊತ್ತ ಅಲ್ಲ. ಹೊರದೇಶದ ಗಟ್ಟಿ ರಟ್ಟಿನ ಪುಸ್ತಕ ನಾಲ್ಕೈದು ತಂದರೆ ಮುಗಿಯಿತು. ಅದರಲ್ಲಿ ಹಿಮ, ಫೈರ್‌ಪ್ಲೇಸ್, ಬಿಳಿ ಮಕ್ಕಳು. ನಮ್ಮ ಮಕ್ಕಳು ಏಪ್ರಿಲ್ ಬಿಸಿಲಲ್ಲಿ ಬೇವಿನ ಮರದ ಕೆಳಗೆ ಕೂತು ಓದುವವರು. ಅವರಿಗೆ ಅವರ ಮನೆ, ಅವರ ಎತ್ತು, ಅವರ ಅವ್ವ ಕಾಣುವ ಪುಸ್ತಕ ಮೊದಲು ಬೇಕು. ಪದಕ ಆಮೇಲೆ.

ನನ್ನ ತಂಗಿ ಮಗಳು ಮನೆ ಚಿತ್ರ ಬರೆ ಅಂದರೆ ಇವತ್ತಿಗೂ ಎರಡು ಗುಡ್ಡ, ನಡುವೆ ಸೂರ್ಯ, ಇಳಿಜಾರು ಹೆಂಚಿನ ಮನೆ ಬರೆಯುತ್ತಾಳೆ. ಅವಳ ಮನೆ ಇರುವುದು ಮಾಳಿಗೆ ಮನೆ, ಮೇಲೆ ಸಮತಟ್ಟು. ಅವಳು ಯಾವತ್ತೂ ಇಳಿಜಾರಿನ ಮನೆಯಲ್ಲಿ ಮಲಗಿಲ್ಲ. ಪುಸ್ತಕದಲ್ಲಿ ನೋಡಿದ್ದೇ ಮನೆ ಅಂತ ಅವಳಿಗೆ ಕೂತುಬಿಟ್ಟಿದೆ, ನನಗೆ ಅದು ಬಹಳ ಬೇಜಾರು.

ಬಳ್ಳಾರಿ ಅಮ್ಮ:

ಅಣ್ಣಾ, ನಿಮ್ಮ ಮಾತು ಅರ್ಧ ಒಪ್ಪುತ್ತೇನೆ, ಅರ್ಧ ಒಪ್ಪುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಹಿಮದ ಪುಸ್ತಕ ಅಂದಿರಲ್ಲ, ಎಜ್ರಾ ಜ್ಯಾಕ್ ಕೀಟ್ಸ್ ಅವರ 'ದ ಸ್ನೋಯಿ ಡೇ' ಅಂತ ಒಂದಿದೆ, 1962ರಲ್ಲಿ ಬಂತು, ಮರು ವರ್ಷ ಕ್ಯಾಲ್ಡಿಕಾಟ್ ಸಿಕ್ಕಿತು. ಪೀಟರ್ ಅನ್ನುವ ಪುಟ್ಟ ಹುಡುಗ ಕೆಂಪು ಕೋಟು ಹಾಕಿಕೊಂಡು ಬೆಳಗ್ಗೆ ಹಿಮದಲ್ಲಿ ಆಡಲು ಹೋಗುತ್ತಾನೆ, ಅಷ್ಟೇ ಕಥೆ. ಪೀಟರ್ ಕಪ್ಪು ಹುಡುಗ. ಅಲ್ಲಿಯವರೆಗೆ ಕೀಟ್ಸ್ ಬೇರೆಯವರ ಎಷ್ಟೋ ಕಥೆಗಳಿಗೆ ಚಿತ್ರ ಬರೆದಿದ್ದರು, ಒಂದರಲ್ಲೂ ಕಪ್ಪು ಮಗು ಕಥಾನಾಯಕ ಆಗಿರಲಿಲ್ಲ. 1940ರಲ್ಲಿ ಒಂದು ಪತ್ರಿಕೆಯಲ್ಲಿ ಬಂದಿದ್ದ ಒಬ್ಬ ಪುಟ್ಟ ಹುಡುಗನ ನಾಲ್ಕಾರು ಫೋಟೋ ಅವರಿಗೆ ಇಷ್ಟವಾಗಿ ಕತ್ತರಿಸಿ ಇಟ್ಟುಕೊಂಡಿದ್ದರಂತೆ, ಇಪ್ಪತ್ತು ವರ್ಷ ಜೋಪಾನ ಮಾಡಿ, ಕೊನೆಗೆ ತಾವೇ ಕಥೆ ಬರೆಯುವಾಗ ಆ ಹುಡುಗನನ್ನೇ ಪೀಟರ್ ಮಾಡಿದರು. ಅಂದರೆ ನೀವು ಈಗ ಕೇಳುತ್ತಿರುವುದನ್ನೇ, ನಮ್ಮ ಮಗು ಪುಸ್ತಕದಲ್ಲಿ ಎಲ್ಲಿ ಅಂತ, ಆ ಚಿತ್ರಕಾರ ಅವತ್ತು ಕೇಳಿಕೊಂಡು ಉತ್ತರ ಕೊಟ್ಟರು. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಗೆ 125 ವರ್ಷ ತುಂಬಿದಾಗ ಲೆಕ್ಕ ಹಾಕಿದರೆ, ಅಲ್ಲಿಂದ ಜನ ಅತಿ ಹೆಚ್ಚು ಸಲ ಮನೆಗೆ ಒಯ್ದಿದ್ದ ಪುಸ್ತಕ ಇದೇ, 4,85,583 ಸಲ.

ಈಗ ನಮ್ಮ ಮನೆ ಕಥೆ. ನಮ್ಮ ಯಜಮಾನರು ಬಳ್ಳಾರಿಯಲ್ಲಿ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಇದ್ದಾರೆ. ಮಗನಿಗೆ ಆಗ ಐದು ವರ್ಷ. ಪೀಟರ್ ಹಿಮದಲ್ಲಿ ಕಾಲು ಎಳೆದುಕೊಂಡು ಹೋಗುವ ಪುಟ ಬಂತು, ಹಿಂದೆ ಉದ್ದಕ್ಕೆ ಗೆರೆ ಬಿದ್ದಿದೆ. ನಾನು "ಇದು ಹಿಮ, ತಣ್ಣಗಿರುತ್ತೆ" ಅಂತ ಹೇಳುವಷ್ಟರಲ್ಲಿ ಅವನು "ಅವ್ವಾ, ಅರಳಿ!" ಅಂದ. ಅಪ್ಪನ ಫ್ಯಾಕ್ಟರಿಯಲ್ಲಿ ಅರಳೆ ರಾಶಿ ಮೇಲೆ ಹತ್ತಿದಾಗ ಅವನ ಕಾಲು ಹಾಗೇ ಹೂತಿತ್ತು, ಹಾಗೇ ಗುರುತು ಬಿದ್ದಿತ್ತು. ನಾನು ತಿದ್ದಲಿಲ್ಲ. ಆ ಪುಸ್ತಕ ನಮ್ಮ ಮನೆಯಲ್ಲಿ ಈಗಲೂ ಅರಳಿ ಪುಸ್ತಕ.

ಇಂಗ್ಲಿಷಿಗೆ ಹೆದರಬೇಡಿ ಟೀಚರ್. ನಾನು ಓದುವುದು ಹೀಗೆ: ಮೊದಲ ದಿನ ಮಾತೇ ಇಲ್ಲದೆ ಪುಟ ತಿರುವುತ್ತೇನೆ, ಅವನು ಕಥೆ ಹೇಳುತ್ತಾನೆ. ಎರಡನೇ ದಿನ ನಾನು ಕನ್ನಡದಲ್ಲಿ ಹೇಳುತ್ತೇನೆ. ಮಾರಿಸ್ ಸೆಂಡಾಕ್ ಅವರ 'ವೇರ್ ದ ವೈಲ್ಡ್ ಥಿಂಗ್ಸ್ ಆರ್' ಹೀಗೇ ಓದಿದ್ದು. ತುಂಟತನ ಮಾಡಿದ್ದಕ್ಕೆ ಊಟ ಕೊಡದೆ ಮಲಗಲು ಕಳಿಸಿದ ಹುಡುಗನ ಕಥೆ. ಎಷ್ಟೋ ಸಲ ಓದಿದ ಮೇಲೆ ನಾನು ಗಮನಿಸಿದ್ದು ಏನಂದರೆ, ಮೊದಲ ಪುಟದಲ್ಲಿ ಚಿತ್ರ ಚಿಕ್ಕದು, ಸುತ್ತ ಬಿಳಿ ಜಾಗ. ಹುಡುಗನ ಸಿಟ್ಟು, ಅವನ ಕಾಡು ಬೆಳೆದ ಹಾಗೆ ಚಿತ್ರವೂ ಬೆಳೆಯುತ್ತಾ ಹೋಗುತ್ತದೆ. ಅವನು ಆ ದೈತ್ಯಗಳ ಜೊತೆ ಕುಣಿಯುವಾಗ ಎರಡೆರಡು ಪುಟ ತುಂಬಿ ಚಿತ್ರವೇ, ಅಕ್ಷರಕ್ಕೆ ಜಾಗವೇ ಇಲ್ಲ. ಮನೆ ನೆನಪಾದ ಮೇಲೆ ಮತ್ತೆ ಚಿತ್ರ ಇಳಿಯುತ್ತದೆ. ಕೊನೆಯ ಪುಟದಲ್ಲಿ ಚಿತ್ರವೇ ಇಲ್ಲ, ಊಟ ಇನ್ನೂ ಬಿಸಿ ಇತ್ತು ಅನ್ನುವ ಮಾತು ಮಾತ್ರ. ಅದನ್ನು ಓದುವಾಗ ನನಗೆ ಪ್ರತಿ ಸಲ ಗಂಟಲು ಕಟ್ಟುತ್ತದೆ, ಯಾಕಂದರೆ ಬೈದು ಮಲಗಿಸಿ ಆಮೇಲೆ ರೊಟ್ಟಿ ಬಿಸಿ ಮಾಡಿ ಇಟ್ಟ ರಾತ್ರಿ ಯಾವ ತಾಯಿಗೆ ಇಲ್ಲ ಹೇಳಿ.

ಗಂಗಾವತಿ ಕುಂಚ:

ನಾನು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವಳು. ಸಾಮಾನ್ಯವಾಗಿ ಇಂಥ ಕಡೆ ಓದಿ ಸುಮ್ಮನೆ ಹೋಗುತ್ತೇನೆ, ಆದರೆ "ತಾನ ಬಂತೇನ್ರಿ" ಅನ್ನುವುದನ್ನು ಓದಿ ಇವತ್ತು ಸುಮ್ಮನಿರಲು ಆಗಲಿಲ್ಲ.

ಟೀಚರ್, ಆ ಪುಟ್ಟಿಗೆ ಹೇಳಿ, ತಾನಾಗಿ ಬರುವುದಿಲ್ಲ. ಒಂದು ಚಿತ್ರಪುಸ್ತಕ ಸಾಮಾನ್ಯವಾಗಿ 32 ಪುಟ, ಅಂದರೆ ಪ್ರೆಸ್ಸಿನವರ ಲೆಕ್ಕದಲ್ಲಿ 16 ಪುಟದ ಎರಡು ಫಾರಂ. ಹೆಸರಿನ ಪುಟ, ಪ್ರಕಾಶಕರ ವಿವರ ಎಲ್ಲ ಕಳೆದರೆ ಕಥೆಗೆ ಉಳಿಯುವುದು 26-28. ಕಥೆ ಕೈಗೆ ಬಂದ ಕೂಡಲೇ ಬಣ್ಣ ಹಚ್ಚುವುದಲ್ಲ. ಮೊದಲು ಬೆಂಕಿಪೊಟ್ಟಣದಷ್ಟು ಸಣ್ಣ ಚೌಕಗಳಲ್ಲಿ ಎಲ್ಲ ಪುಟಗಳನ್ನೂ ಒಂದೇ ಹಾಳೆ ಮೇಲೆ ಗೀಚಿಕೊಳ್ಳುತ್ತೇನೆ. ಆಮೇಲೆ ಹಾಳೆ ಮಡಚಿ ಪಿನ್ ಹೊಡೆದು ಒಂದು ಡಮ್ಮಿ ಪುಸ್ತಕ ಮಾಡಿ, ತಿರುವಿ ತಿರುವಿ ನೋಡುತ್ತೇನೆ. ಮಗು ಪುಟ ತಿರುವುವ ಆ ಒಂದು ಕ್ಷಣ ಇದೆಯಲ್ಲ, ನಮ್ಮ ಕಸುಬೆಲ್ಲ ಅಲ್ಲೇ ಇರುವುದು. ಬಾಗಿಲ ಹಿಂದೆ ಯಾರಿದ್ದಾರೆ ಅನ್ನುವ ಪ್ರಶ್ನೆ ಬಲಗಡೆ ಪುಟದಲ್ಲಿ ಬಂದರೆ ಮಗು ತಿರುವಿ ನೋಡುತ್ತದೆ, ಎಡಗಡೆ ಬಂದರೆ ಉತ್ತರ ಎದುರಿಗೇ ಕಾಣಿಸಿ ಕುತೂಹಲ ಸತ್ತುಹೋಗುತ್ತದೆ. ಮುಖ್ಯ ಪಾತ್ರದ ಮುಖ ನಡುವಿನ ಮಡಿಕೆಯಲ್ಲಿ ಬಂತೋ, ಮೂಗು ಹೊಲಿಗೆಯೊಳಗೆ ಹೋಗಿಬಿಡುತ್ತದೆ. ಇದೆಲ್ಲ ಮುಗಿಯಲು ನನಗೆ ನಾಲ್ಕೈದು ತಿಂಗಳು ಬೇಕು.

ಸೆಂಡಾಕ್ ಪುಸ್ತಕದ ಬಗ್ಗೆ ಅಕ್ಕ ಎಷ್ಟು ಚೆನ್ನಾಗಿ ಬರೆದಿದ್ದಾರೆ. ಅದು ಮೊದಲು ಕಾಡುಕುದುರೆಗಳ ನಾಡಿನ ಕಥೆ ಆಗಬೇಕಿತ್ತು. ಅವರಿಗೆ ಕುದುರೆ ಬರೆಯಲು ಸರಿಯಾಗಿ ಬರುತ್ತಿರಲಿಲ್ಲ. ಹಾಗಾಗಿ ಕುದುರೆ ಬಿಟ್ಟು, ಚಿಕ್ಕವರಿದ್ದಾಗ ಮನೆಗೆ ಬಂದು ಕೆನ್ನೆ ಹಿಂಡುತ್ತಿದ್ದ ನೆಂಟರಿಷ್ಟರ ಮುಖಗಳನ್ನು ನೆನಪು ಮಾಡಿಕೊಂಡು ಆ ದೈತ್ಯಗಳನ್ನು ಬರೆದರು. 1964ರಲ್ಲಿ ಕ್ಯಾಲ್ಡಿಕಾಟ್ ಬಂತು, 1970ರಲ್ಲಿ ಆಂಡರ್ಸನ್. ಕೈಗೆ ಬಾರದ ಚಿತ್ರ ಎದುರಾದಾಗಲೆಲ್ಲ ನಾನು ಅವರ ಕುದುರೆ ನೆನಪು ಮಾಡಿಕೊಳ್ಳುತ್ತೇನೆ.

ಈಗ ಹೆಸರಿನ ವಿಷಯ. ಕೆಲವು ವರ್ಷದ ಹಿಂದೆ ಒಂದು ಪ್ರಕಾಶನಕ್ಕೆ ಇಡೀ ಪುಸ್ತಕದ ಚಿತ್ರ ಮಾಡಿಕೊಟ್ಟೆ. ಹೇಳಿದ ದುಡ್ಡು ಕೊಟ್ಟರು, ಅದರಲ್ಲಿ ಮೋಸ ಇಲ್ಲ. ಪುಸ್ತಕ ಬಂದಾಗ ಮುಖಪುಟದಲ್ಲಿ ಇಲ್ಲ, ಒಳಗೂ ಇಲ್ಲ, ಎಲ್ಲೂ ನನ್ನ ಹೆಸರಿಲ್ಲ. ಕೇಳಿದರೆ "ಜಾಗ ಸಾಲಲಿಲ್ಲಮ್ಮಾ" ಅಂದರು. ಆ ಪುಸ್ತಕಕ್ಕೆ ಆಮೇಲೆ ಒಂದು ಬಹುಮಾನ ಬಂತು. ಲೇಖಕರಿಗೆ ಶಾಲು ಹೊದಿಸಿದ ಫೋಟೋವನ್ನು ನಾನು ಪೇಪರಿನಲ್ಲಿ ನೋಡಿದೆ, ಅವರ ಕೈಯಲ್ಲಿ ನಾನು ಬರೆದ ಮುಖಪುಟ ಇತ್ತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವತ್ತು ಅಪ್ಪನಿಗೆ ಫೋನ್ ಮಾಡಿ ಇದು ನನ್ನ ಚಿತ್ರ ಅಂತ ಹೇಳಲು ಬಾಯಿ ಬರಲಿಲ್ಲ.

ಚಿತ್ರ ಬರೆಯುವ ತಮ್ಮ ತಂಗಿಯರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು ತಿಳಿದಿರಲಿ. 1957ರ ಕಾಪಿರೈಟ್ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ, ಚಿತ್ರದ ಹಕ್ಕನ್ನು ನೀವು ಮಾರಿಬಿಟ್ಟಿದ್ದರೂ ಇದನ್ನು ಬರೆದದ್ದು ನಾನು ಅಂತ ಹೇಳಿಕೊಳ್ಳುವ ಹಕ್ಕು ನಿಮ್ಮ ಹತ್ತಿರವೇ ಇರುತ್ತದೆ. ಒಪ್ಪಂದ ಮಾಡುವಾಗಲೇ ಮುಖಪುಟದಲ್ಲಿ ಹೆಸರು ಅಂತ ಬರೆಸಿಕೊಳ್ಳಿ. ನಾನು ಈಗ ಹಾಗೇ ಮಾಡುತ್ತೇನೆ.

ನಮ್ಮಲ್ಲಿ ಪ್ರಶಸ್ತಿಗಳೂ ಚಿತ್ರದ ಕಡೆ ಅಷ್ಟಾಗಿ ನೋಡುವುದಿಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ 2010ರಿಂದ ಇದೆ, ಕನ್ನಡಕ್ಕೂ ಇದೆ, 50,000 ರೂಪಾಯಿ. ಕೊಡುವುದು ಲೇಖಕರಿಗೆ. ಸಾಹಿತ್ಯದ ಪ್ರಶಸ್ತಿ, ಹಾಗಾಗಿ ತಪ್ಪು ಅನ್ನುವುದಿಲ್ಲ. ಆದರೆ ಐದು ವರ್ಷದ ಮಗುವಿಗೆ ಬರೆದ ಪುಸ್ತಕದಲ್ಲಿ ಅರ್ಧ ಕಥೆ ಹೇಳುವುದೇ ಚಿತ್ರ ಅಲ್ವಾ? ಟಾಟಾ ಟ್ರಸ್ಟ್ಸ್‌ನವರ 'ಪರಾಗ್' ಕಡೆಯಿಂದ ಬಿಗ್ ಲಿಟಲ್ ಬುಕ್ ಪ್ರಶಸ್ತಿ ಅಂತ 2016ರಲ್ಲಿ ಶುರುವಾಯಿತು, ಅದರಲ್ಲಿ ಚಿತ್ರಕಾರರಿಗೆ ಬೇರೆಯೇ ಬಹುಮಾನ ಇಟ್ಟರು. ಮೊದಲ ವರ್ಷ ಅತನು ರಾಯ್ ಅವರಿಗೆ ಬಂತು. ಅದನ್ನು ಓದಿದ ದಿನ ನನಗೇ ಬಂದಷ್ಟು ಖುಷಿಯಾಗಿತ್ತು.

ಸಂಡೂರು:

ಅಕ್ಕಾ, ಓದಿ ಬೇಸರವಾಯಿತು. ಒಂದು ಮಾತು ಸೇರಿಸುತ್ತೇನೆ. ನಮ್ಮ ಕಡೆ ಚಿತ್ರ ತೋರಿಸಿ ಕಥೆ ಹೇಳುವುದು ಹೊಸದೇನಲ್ಲ. ತೊಗಲು ಗೊಂಬೆ ಇನ್ನೇನು? ಪಾರದರ್ಶಕ ಮಾಡಿದ ತೊಗಲಿಗೆ ಬಣ್ಣ ಹಾಕಿ, ಹಿಂದೆ ದೀಪ ಇಟ್ಟು, ರಾತ್ರಿಯೆಲ್ಲ ರಾಮಾಯಣ. ಕೊಪ್ಪಳದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅಜ್ಜಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಮನೆಯಲ್ಲಿ ಎಲ್ಲರೂ ಟಿವಿ ಮುಂದೆ ಕೂತಿದ್ದೆವು. ಟೀಚರ್, ನಿಮ್ಮ ಮಕ್ಕಳಿಗೆ ಆ ಹೆಸರು ಗೊತ್ತಿರಲಿ, ನಿಮ್ಮದೇ ತಾಲ್ಲೂಕು.

ಹಂಪಿ ವಿರೂಪಾಕ್ಷ ಗುಡಿಯ ರಂಗಮಂಟಪದಲ್ಲಿ ತಲೆ ಎತ್ತಿ ನೋಡಿದರೆ ಗಿರಿಜಾ ಕಲ್ಯಾಣ ಇದೆ, ಮತ್ಸ್ಯಯಂತ್ರಕ್ಕೆ ಬಾಣ ಬಿಡುವ ಅರ್ಜುನ ಇದ್ದಾನೆ, ವಿದ್ಯಾರಣ್ಯರ ಪಲ್ಲಕ್ಕಿ ಮೆರವಣಿಗೆ ಇದೆ. ಬರೆದವರು ಯಾರು ಅಂತ ನಮಗೆ ಗೊತ್ತಿಲ್ಲ. ಆ ಕಾಲಕ್ಕೆ ಅದು ಸರಿ ಇರಬಹುದು, ಈಗ ಸರಿಯಲ್ಲ.

ಚಂದಮಾಮದಲ್ಲಿ ವಿಕ್ರಮ ಬೇತಾಳದ ಚಿತ್ರ, ಹೆಗಲ ಮೇಲೆ ಹೆಣ ಹೊತ್ತ ರಾಜ, ನಮ್ಮ ವಯಸ್ಸಿನವರು ಯಾರು ಮರೆತಿದ್ದೀರಿ? ಬರೆದವರು ಶಂಕರ್, ಚಿತ್ರದಲ್ಲೇ ಸಹಿ ಇರುತ್ತಿತ್ತು. ಅವರು 2020ರಲ್ಲಿ ತೀರಿಕೊಂಡರು, ಪದ್ಮಶ್ರೀ ಬಂದದ್ದು ಆಮೇಲೆ, 2021ರಲ್ಲಿ. ಬದುಕಿದ್ದಾಗಲೇ ಬರಬೇಕಿತ್ತು.

ರಾಯಚೂರು ಲೈಬ್ರರಿ:

ಕರೆಂಟ್ ಬಂತು. ಸಿಂಧನೂರಿನ ತಮ್ಮ ಹೇಳಿದ್ದಕ್ಕೆ ಸೇರಿಸಿ ಕನ್ನಡದ ಮಾತು.

ನಮ್ಮ ದೇಶದ ಚಿತ್ರ ನಮ್ಮ ರೀತಿಯಲ್ಲೇ ಇದ್ದರೂ ಹೊರಗಿನವರು ಕೈ ಹಿಡಿಯುತ್ತಾರೆ, ಅದಕ್ಕೊಂದು ಪುಸ್ತಕ ಹೇಳಬೇಕು. ಚೆನ್ನೈನ ತಾರಾ ಬುಕ್ಸ್‌ನವರ 'ದ ನೈಟ್ ಲೈಫ್ ಆಫ್ ಟ್ರೀಸ್'. ಭಜ್ಜು ಶ್ಯಾಮ್, ದುರ್ಗಾ ಬಾಯಿ, ರಾಮ್ ಸಿಂಗ್ ಉರ್ವೇತಿ ಅಂತ ಮಧ್ಯಪ್ರದೇಶದ ಗೊಂಡ ಕಲಾವಿದರು ಮೂವರು, ಅವರ ಮರಗಳು. ಕಪ್ಪು ಕಾಗದದ ಮೇಲೆ ಕೈಯಿಂದಲೇ ಸ್ಕ್ರೀನ್ ಪ್ರಿಂಟ್ ಮಾಡಿದ್ದು, ಮೂಗಿನ ಹತ್ತಿರ ಹಿಡಿದರೆ ಬಣ್ಣದ ವಾಸನೆ ಬರುತ್ತದೆ. 2008ರಲ್ಲಿ ಇಟಲಿಯ ಬೊಲೋನ್ಯಾ ಮಕ್ಕಳ ಪುಸ್ತಕ ಮೇಳದ ಪ್ರಶಸ್ತಿ ಬಂತು. ಭಜ್ಜು ಶ್ಯಾಮ್ ಭೋಪಾಲಿನಲ್ಲಿ ರಾತ್ರಿ ಕಾವಲು ಕೆಲಸ ಮಾಡಿದವರು. ಲಂಡನ್ನಿನ ಒಂದು ಹೋಟೆಲಿನ ಗೋಡೆಗೆ ಚಿತ್ರ ಬರೆಯಲು ಹೋಗಿ ಬಂದು, ನೋಡಿದ್ದನ್ನೆಲ್ಲ ಇನ್ನೊಂದು ಪುಸ್ತಕ ಮಾಡಿದರು. ಅದರಲ್ಲಿ ನೆಲದೊಳಗೆ ಓಡುವ ರೈಲು ಎರೆಹುಳ ಆಗಿದೆ, ಬಿಗ್ ಬೆನ್ ಗಡಿಯಾರ ಕೋಳಿಹುಂಜ ಆಗಿದೆ. ಅವರಿಗೆ 2018ರಲ್ಲಿ, ದುರ್ಗಾ ಬಾಯಿಗೆ 2022ರಲ್ಲಿ ಪದ್ಮಶ್ರೀ. ಮರದ ಪುಸ್ತಕ ಬೆಲೆ ಜಾಸ್ತಿ, ನಿಮ್ಮ ದುಡ್ಡಿನಲ್ಲಿ ತರಿಸಬೇಡಿ, ಕೊನೆಯಲ್ಲಿ ಹೇಳುತ್ತೇನೆ.

ಕನ್ನಡದಲ್ಲಿ ನೇರವಾಗಿ ಬೇಕು ಅಂದರೆ ಪ್ರಥಮ್ ಬುಕ್ಸ್, ಬೆಂಗಳೂರಿನವರು, 2004ರಿಂದ ಇದ್ದಾರೆ. ತೆಳ್ಳನೆಯ ಪುಸ್ತಕಗಳು ನೂರು ರೂಪಾಯಿ ಒಳಗೇ ಸಿಗುತ್ತವೆ. ಮುಖಪುಟದಲ್ಲಿ ಲೇಖಕರ ಜೊತೆ ಚಿತ್ರಕಾರರ ಹೆಸರೂ ಹಾಕುತ್ತಾರೆ, ನಿಮ್ಮ ಹುಡುಗಿಗೆ ಅದನ್ನೇ ಮೊದಲು ತೋರಿಸಿ. ಅವರದೇ ಸ್ಟೋರಿವೀವರ್ ಅನ್ನುವ ಜಾಲತಾಣ 2015ರಿಂದ ಇದೆ. ಅಲ್ಲಿನ ಕನ್ನಡ ಕಥೆಗಳನ್ನು ದುಡ್ಡಿಲ್ಲದೆ ಇಳಿಸಿಕೊಂಡು ಪ್ರಿಂಟ್ ತೆಗೆಯಬಹುದು, ಬರೆದವರ ಮತ್ತು ಚಿತ್ರಕಾರರ ಹೆಸರು ಉಳಿಸಿಕೊಂಡರೆ ಸಾಕು. ಚೆನ್ನೈನ ತೂಲಿಕಾ ಪ್ರಕಾಶನದವರ ಪುಸ್ತಕಗಳೂ ಕನ್ನಡದಲ್ಲಿ ಇವೆ, ಕೆಲವು ಎರಡೂ ಭಾಷೆ ಒಟ್ಟಿಗೆ ಇರುವಂಥವು. ನ್ಯಾಷನಲ್ ಬುಕ್ ಟ್ರಸ್ಟ್‌ನದು ಅಗ್ಗ.

ನನ್ನ ಲೆಕ್ಕ: 3,000 ಕನ್ನಡಕ್ಕೆ, ಉಳಿದದ್ದರಲ್ಲಿ ಮಾತಿಲ್ಲದ ಎರಡು ಪುಸ್ತಕ. ಗಟ್ಟಿ ರಟ್ಟಿನದು ಬೇಡ, ಪೇಪರ್‌ಬ್ಯಾಕ್ ಸಾಕು. ನಿಮ್ಮೂರ ಪಂಚಾಯಿತಿ ಲೈಬ್ರರಿ, ಅರಿವು ಕೇಂದ್ರ ಅನ್ನುತ್ತಾರಲ್ಲ, ಅಲ್ಲೂ ಕೇಳಿ, ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ.

ಸಿಂಧನೂರು ಓದುಗ:

ಅರಳೆ ಮಾತು ಓದಿ ನನ್ನ ಮಾತು ಸ್ವಲ್ಪ ಹಿಂದೆ ತೆಗೆದುಕೊಳ್ಳುತ್ತೇನೆ ಅಕ್ಕಾ. ಪೂರ್ತಿ ಅಲ್ಲ. ಮಾಳಿಗೆ ಮನೆ ಇರುವ ಚಿತ್ರಪುಸ್ತಕ ನನಗೆ ಇನ್ನೂ ಬೇಕು. ಗಂಗಾವತಿ ಅಕ್ಕಾ, ನೀವು ಬರೆಯಿರಿ, ಮೊದಲ ಹತ್ತು ಪ್ರತಿ ನನಗೆ.

ಗಂಗಾವತಿ ಕುಂಚ:

ಒಂದು ಕಥೆ ಮನಸ್ಸಿನಲ್ಲಿದೆ ಅಣ್ಣಾ. ಬೇಸಿಗೆ ರಾತ್ರಿ ಮಾಳಿಗೆ ಮೇಲೆ ಹಾಸಿಗೆ ಹಾಕಿಕೊಂಡು ಮಲಗುವ ಮನೆಯವರದ್ದು. ಒಂದು ಪುಟದಲ್ಲಿ ಇಡೀ ಓಣಿಯ ಮಾಳಿಗೆಗಳೆಲ್ಲ ಕಾಣಬೇಕು, ಮೇಲಿನಿಂದ, ಎಲ್ಲರೂ ಮಲಗಿದ್ದಾರೆ, ಒಂದು ಮಗು ಮಾತ್ರ ಕಣ್ಣು ಬಿಟ್ಟುಕೊಂಡಿದೆ. ಅದೊಂದು ಪುಟದ ರಫ್ ಆಗಿದೆ.

ಕೊಪ್ಪಳ ಟೀಚರ್:

ಮೂರು ವಾರ ಆಯಿತು, ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಎಲ್ಲರಿಗೂ ಬಹಳ ಧನ್ಯವಾದ.

ಸ್ಟಿಕ್ಕರಿನಲ್ಲಿ ಕುದುರೆ ಇಲ್ಲ. ಒಂದು ನಕ್ಷತ್ರ ಇದೆ. ಸೆಟ್ ಮಾರಿದವರಿಗೆ ಬರೆದೆ, ವಾಪಸ್ ತೆಗೆದುಕೊಳ್ಳುವ ದಿನ ಮುಗಿದಿದೆ ಅಂದರು. ಇರಲಿ.

ಕನ್ನಡದ 38 ಪುಸ್ತಕ ಬಂದವು. ಸಿಂಹ-ಇಲಿ ಬಂತು. 'ವೇವ್' ಇನ್ನೂ ಸಿಕ್ಕಿಲ್ಲ, ಒಂದು ಕಡೆ ಇತ್ತು, ಬೆಲೆ ಕೈಗೆ ಎಟುಕಲಿಲ್ಲ. ಸ್ಟೋರಿವೀವರ್‌ನಿಂದ ಆರು ಕಥೆ ಪ್ರಿಂಟ್ ತೆಗೆಸಿ ಸೆಂಟರ್ ಪಿನ್ ಹೊಡೆದಿದ್ದೇವೆ.

ಸಿಂಹದ ಮುಖಪುಟ ಮೇಜಿನ ಮೇಲೆ ನಿಲ್ಲಿಸಿ ಏನನ್ನು ನೋಡುತ್ತಿದೆ ಅಂತ ಕೇಳಿದೆ. ಬಿಸಿಯೂಟದ ಗಂಟೆ ಹೊಡೆದರೂ ಯಾರೂ ಎದ್ದಿಲ್ಲ. ಒಬ್ಬ "ಅದಕ್ಕ ಹಸಿವಾಗೇತಿ, ಅಡಗಿ ಮನಿ ಕಡೆ ನೋಡಾಕತ್ತೇತಿ" ಅಂದ. ಮಾತೇ ಆಡದ ಒಬ್ಬ ಹುಡುಗ ಇದ್ದಾನೆ, ಅವನ ಅಪ್ಪ ಅಮ್ಮ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದಾರೆ, ಅಜ್ಜಿ ಹತ್ತಿರ ಇರುತ್ತಾನೆ. ಅವನು ಎದ್ದು ಬಂದು ಪುಸ್ತಕವನ್ನು ಮೆಲ್ಲಗೆ ತಿರುಗಿಸಿ ಹಿಂದಿನ ರಕ್ಷಾಪುಟ ತೋರಿಸಿದ. ಅಲ್ಲಿ ಇಲಿ ಇತ್ತು. ನಾನೇ ನೋಡಿರಲಿಲ್ಲ.

ನಮ್ಮ ಕಿನ್ನಾಳದ ಹುಡುಗಿ ಈಗ ಯಾವ ಪುಸ್ತಕ ಕೊಟ್ಟರೂ ಮೊದಲು ಹೆಸರು ಹುಡುಕುತ್ತಾಳೆ. ಅಕ್ಷರ ಇನ್ನೂ ಕೂಡಿಸಿ ಓದುತ್ತಾಳೆ, ಆದರೂ "ಚಿ-ತ್ರ" ಅನ್ನುವುದನ್ನು ಎಲ್ಲಿದ್ದರೂ ಪತ್ತೆ ಹಚ್ಚುತ್ತಾಳೆ. ಹೆಸರಿಲ್ಲದ ಆ ಹಳೇ ಸೆಟ್ಟನ್ನು ಬೇರೆ ಇಟ್ಟಿದ್ದಾಳೆ. ಅದನ್ನು ಮಾಡಿದವರಿಗೆ ಕಾಗದ ಬರೆಯೋಣ ಅಂದಳು. ಒಂದು ಪೋಸ್ಟ್ ಕಾರ್ಡಿನಲ್ಲಿ ಅವಳು ಹೇಳಿದ ಹಾಗೇ ಬರೆದು ಹಾಕಿದ್ದೇವೆ, ಉತ್ತರ ಇನ್ನೂ ಬಂದಿಲ್ಲ.

ಗಂಗಾವತಿ ಮೇಡಂ, ನಿಮ್ಮ ಡಮ್ಮಿ ಪುಸ್ತಕ ಒಂದು ದಿನ ನಮ್ಮ ಮಕ್ಕಳಿಗೆ ತೋರಿಸಲು ಆಗುತ್ತಾ? ಶನಿವಾರ ಬೆಳಗಿನ ಕ್ಲಾಸು, ಬಸ್ ನೇರ ಇದೆ.

ಗಂಗಾವತಿ ಕುಂಚ:

ಬರುತ್ತೇನೆ. ಮಾಳಿಗೆ ಪುಟದ ರಫ್ ಕೂಡ ತರುತ್ತೇನೆ, ಯಾವ ಮಗು ಎಚ್ಚರ ಇದೆ ಅಂತ ಅವರು ಹುಡುಕಲಿ. ಸುಲಭವಾಗಿ ಸಿಕ್ಕಿಬಿಟ್ಟರೆ ನಾನು ಮತ್ತೆ ಬರೆಯಬೇಕು.

ರಾಯಚೂರು ಲೈಬ್ರರಿ:

ಟೀಚರ್, ಕೊನೆಯಲ್ಲಿ ಹೇಳುತ್ತೇನೆ ಅಂದಿದ್ದೆನಲ್ಲ. ನನ್ನ ಹತ್ತಿರ ಮರದ ಪುಸ್ತಕವೂ ಇದೆ, 'ವೇವ್' ಕೂಡ ಇದೆ. ಎರಡನ್ನೂ ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಸೋಮವಾರ ಕೊಪ್ಪಳದ ಬಸ್ಸಿಗೆ ಪಾರ್ಸೆಲ್ ಮಾಡುತ್ತೇನೆ. ಎರಡು ತಿಂಗಳು ಇಟ್ಟುಕೊಳ್ಳಿ, ಆಮೇಲೆ ಸಂಡೂರಿನವರಿಗೆ ಕಳಿಸಿ. ಮಕ್ಕಳು ಕೈ ತೊಳೆದುಕೊಂಡು ಮುಟ್ಟಲಿ, ಅಷ್ಟೇ. 'ವೇವ್'ನ ಒಂದು ಪುಟದ ಮೂಲೆ ಮೊಮ್ಮಗ ಹರಿದಿದ್ದಾನೆ, ಅದು ಮೊದಲೇ ಆಗಿದ್ದು, ನಿಮ್ಮ ಮಕ್ಕಳನ್ನು ಬೈಯಬೇಡಿ.